ಗುರುಶಾಂತನ ಕೆಂಪು ಪೆನ್ನು
ಯಾವ ಕಚೇರಿಗೂ ಸೇರದೆ ಕೂಕಟ್‌ಪಲ್ಲಿಯ ಬಾಡಿಗೆ ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವ ಗುರುಶಾಂತನ ಕೆಂಪು ಪೆನ್ನಿಗೆ ಒರೆಯೇ ಇಲ್ಲ. ಜಗಳಕ್ಕೆ ಬಂದ ನೆರೆಯವನ ಬೈಗುಳವನ್ನೂ ವ್ಯಾಕರಣ ಸರಿಪಡಿಸಿಯೇ ಸ್ವೀಕರಿಸುತ್ತಾನೆ. ಹೆಂಡತಿ ಸುಮಂಗಲಾ "ಸಾರು ಬಿಸಿ ಐತ್ರೀ" ಎಂದರೆ, "ಇದೆ ಅನ್ನು" ಎನ್ನದೆ ತುತ್ತೆತ್ತುವುದಿಲ್ಲ. ತಾರ್ನಾಕದ ಸಂಪಾದಕರ ಸಮ್ಮೇಳನಕ್ಕೂ ದಂಡಯಾತ್ರೆ ಹೊರಟವನಂತೆಯೇ ಹೋದ. "ತಪ್ಪು ತಿದ್ದಿ, ಬರೆದವರ ದನಿ ಅಡಗಿಸಬೇಡಿ" ಎಂದು ವೇದಿಕೆಯ ಮೇಲಿದ್ದ ಕೋಕಿಲಾ ಮೇಡಂ ಹೇಳಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನೂ ಅವನೇ. ಬಿಡುವಿನಲ್ಲಿ ಸುಮಂಗಲಾ ಫೋನ್ ಮಾಡಿದಳು. "ಊಟ ಆತೇನ್ರೀ? ಅಯ್ಯ, ತಪ್ಪಾತು... ಊಟ ಆಯಿತೇ?" ಗುರುಶಾಂತನ ಕಿವಿ ಬಿಸಿಯಾಯಿತು. "ಮೊದಲ ಅಂದಿಯಲ್ಲ, ಹಂಗೇ ಅನ್ನು, ಅದೇ ಚಲೋ ಐತಿ" ಎಂದ. ಅವಳು ಮೆಲ್ಲಗೆ ಕೇಳಿದಳು: "ಯಾಕ್ರೀ, ಬಾಜೂಕ ಮಂದಿ ಕೇಳಾಕತ್ತಾರೇನು?"