ಕಾಡಿಗೆ ಗುಡ್ ಮಾರ್ನಿಂಗ್

ಕೆರಿಬಿಯನ್ ಸಮುದ್ರದ ನಮ್ಮ ಡೊಮಿನಿಕಾ ದ್ವೀಪದಲ್ಲಿ ಗುಡ್ ಮಾರ್ನಿಂಗ್ ಹೇಳದವರಿಗೆ ಅಂಗಡಿಯವನು ಬ್ರೆಡ್ ಕೂಡ ಕೊಡುವುದಿಲ್ಲ. ಪ್ರವಾಸಿಗರಿಗೆ ಹಕ್ಕಿ ತೋರಿಸುವ ಫೊಂಟೇನ್ ಮಾಮನ ಪ್ರಕಾರ ಹಕ್ಕಿಗಳದೂ ಅದೇ ನಿಯಮ. ಕಾಡಿನ ಅಂಚಿನಲ್ಲಿ ಅವರು ಟೋಪಿ ತೆಗೆದು, "ಗುಡ್ ಮಾರ್ನಿಂಗ್, ಮನೆಯವರೇ" ಎಂದು ಬೆಟ್ಟಕ್ಕೆಲ್ಲ ಕೇಳುವಂತೆ ಕೂಗುತ್ತಾರೆ. ಉಸಿರು ಬಿಗಿಹಿಡಿದು ಬಂದ ಪ್ರವಾಸಿಗರೂ ಕೂಗಬೇಕು. ಹಕ್ಕಿಗಳೆಲ್ಲ ಪುರ್ರೆಂದು ಹಾರಿಹೋಗುತ್ತವೆ. "ನೋಡಿದ್ರಾ ಮೇಡಂ, ಎಂಥ ಮರ್ಯಾದಸ್ತರು, ಎಲ್ರೂ ಎದ್ದೇಬಿಟ್ರು" ಎನ್ನುತ್ತಾರೆ. ಹಮ್ಮಿಂಗ್‌ಬರ್ಡ್ ನಿಲ್ಲದೆ ಹೋದರೆ, "ಇವರಪ್ಪನೂ ಹೀಗೇ, ಕೂತು ಮಾತಾಡಿದ್ದೇ ಇಲ್ಲ" ಎಂದು ಅದರ ಪರವಾಗಿ ಕ್ಷಮೆ ಕೇಳುತ್ತಾರೆ. ಹೇಳದೆ ಕೇಳದೆ ಓತಿಕ್ಯಾತದ ಫೋಟೋ ತೆಗೆದ ಪ್ರವಾಸಿಯೊಬ್ಬನನ್ನು ಅದರ ಹತ್ತಿರ ವಾಪಸ್ ಕಳಿಸಿ, ಅದಕ್ಕೆ ಗುಡ್ ಮಾರ್ನಿಂಗ್ ಹೇಳಿಸಿದ್ದಾರೆ. "ಇಷ್ಟು ಮರ್ಯಾದೆ ಸಿಗುತ್ತೆ ಅಂತ ಗೊತ್ತಿದ್ರೆ ನಾನೂ ರೆಕ್ಕೆ ಕಟ್ಕೊಂಡು ಮರ ಹತ್ತಿರ್ತಿದ್ದೆ" ಎಂದು ಹೆಂಡತಿ ಅರ್ನೆಸ್ಟೀನ್ ಅತ್ತೆ ಗೊಣಗುತ್ತಾರೆ. ಒಂದು ಹಳೆಯ ಮರದ ಪೊಟರೆಯ ಮುಂದೆ ಮಾತ್ರ ಮಾಮನ ದನಿ ತಗ್ಗುತ್ತದೆ. ಚಂಡಮಾರುತಕ್ಕೆ ಮೊದಲು ಅಲ್ಲಿ ಗಿಳಿಗಳ ಜೋಡಿಯೊಂದಿತ್ತು. ಆಮೇಲೆ ಅವನ್ನು ಯಾರೂ ಕಂಡಿಲ್ಲ. ಮಾಮ ಪೊಟರೆಗೂ ಗುಡ್ ಮಾರ್ನಿಂಗ್ ಹೇಳಿ, ಉತ್ತರ ಬರಬಹುದಾದಷ್ಟು ಹೊತ್ತು ಕಾಯುತ್ತಾರೆ. ಮೊನ್ನೆ ಇಂಗ್ಲೆಂಡಿನ ಹೆಂಗಸೊಬ್ಬಳು ದುರ್ಬೀನು ಇಳಿಸಿ, "ಒಳಗೆ ಯಾರೂ ಇಲ್ವಲ್ಲ" ಎಂದಳು. "ಗೊತ್ತು ಮೇಡಂ" ಎಂದರು ಮಾಮ. ಟೋಪಿ ಇನ್ನೂ ಕೈಯಲ್ಲೇ ಇತ್ತು. "ಆದ್ರೆ ಆ ಗಂಡ ಹೆಂಡತಿ ವಾಪಸ್ ಬಂದ ದಿನ, ಇವರು ನಮ್ಮ ಜೊತೆ ಮಾತು ಬಿಟ್ಟಿದ್ದಾರೆ ಅಂತ ಅವರಿಗೆ ಅನ್ನಿಸಬಾರದು ನೋಡಿ."