ಕಮಲಕ್ಕನ ಗದ್ದೆಯಡಿಯ ಚಿನ್ನ

ಮೊನ್ನೆ ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಕಾಯುವಾಗ ಹಿಂದಿನ ಹೋಟೆಲಿನಿಂದ ಹುರುಳಿ ಸಾರಿನ ಒಗ್ಗರಣೆಯ ಪರಿಮಳ ಬಂತು. ಬಸ್ಸು ಬಂದು ಹೋಯಿತು. ನಾನು ಹೋಟೆಲಿನೊಳಗೆ ಕೂತಿದ್ದೆ. ಈ ವಯಸ್ಸಿಗೆ ಹುರುಳಿ ಉಷ್ಣವೆಂದು ಮನೆಯಲ್ಲಿ ಕೊಡುವುದಿಲ್ಲ. ನೀವು ಅವರಿಗೆ ಹೇಳುವುದಿಲ್ಲ ಎಂಬ ನಂಬಿಕೆಯ ಮೇಲೆ ಮುಂದುವರಿಸುತ್ತೇನೆ.

ಅರುವತ್ತರ ದಶಕದ ಮಾತು. ಭೂವಿಜ್ಞಾನದ ಪದವಿ ಹೊತ್ತುಕೊಂಡು ಮೂಡುಬಿದಿರೆಯಿಂದ ಹೊರಟ ನನ್ನನ್ನು ಗಣಿ ಇಲಾಖೆಯವರು ಬೆಳ್ತಂಗಡಿ ತಾಲೂಕಿನ ಒಳಗಿನ ಒಂದು ಗುಡ್ಡಕ್ಕೆ ಕಳಿಸಿದರು. ಅಲ್ಲಿ ಯಾವ ಕಾಲದವರೋ ಚಿನ್ನಕ್ಕಾಗಿ ತೋಡಿಬಿಟ್ಟ ಗುಂಡಿಗಳಿದ್ದವು. ಕೆಂಪು ಮುರಕಲ್ಲಿನ ನಡುವೆ ಬೆಣಚುಕಲ್ಲಿನ ಒಂದು ಬಿಳಿ ಎಳೆ ನೆತ್ತಿಯಿಂದ ಇಳಿದು ಕೆಳಗೆ ಕಮಲಕ್ಕ ಎಂಬವರ ಗದ್ದೆಯ ಅಡಿಗೆ ಹೋಗುತ್ತಿತ್ತು. ಅದರಲ್ಲಿ ತೆಗೆಯುವಷ್ಟು ಚಿನ್ನವಿದೆಯೇ ಎಂದು ನೋಡುವುದು ನನ್ನ ಕೆಲಸ. ನನಗಂತೂ ನೋಡುವುದೇನೂ ಉಳಿದಿರಲಿಲ್ಲ. ನನ್ನ ಹೆಸರಿನ ಗಣಿ, ಅದರ ಬಾಗಿಲಲ್ಲಿ ಹಾರ ಹಾಕಿಕೊಂಡ ನಾನು, ಎಲ್ಲವೂ ಮನಸ್ಸಿನಲ್ಲಿ ತಯಾರಾಗಿತ್ತು.

ಊಟ ಕಮಲಕ್ಕನ ಮನೆಯಲ್ಲಿ. ಗಂಡ ತೀರಿಕೊಂಡ ಮೇಲೆ ತಮ್ಮನನ್ನು ಜೊತೆಗಿಟ್ಟುಕೊಂಡು, ಆ ಗದ್ದೆಯೊಂದರಿಂದಲೇ ಮಕ್ಕಳನ್ನು ಸಾಕುತ್ತಿದ್ದ ಹೆಂಗಸು. ನಾನೂ ತುಳು ಮಾತಾಡುವವನೇ. ಆದರೂ ಸರಕಾರದವನೆಂದು ನನ್ನೊಡನೆ ಶಾಲೆಯ ಕನ್ನಡವನ್ನೇ ತೂಗಿ ತೂಗಿ ಆಡುತ್ತಿದ್ದರು. ಮೊದಲ ದಿನವೇ ಕೇಳಿದರು:

"ಚಿನ್ನ ಸಿಕ್ಕಿದರೆ ಈ ಗದ್ದೆ ಏನಾಗ್ತದೆ ಇಂಜಿನಿಯರ್ರೆ?"

"ಸರಕಾರ ತಕ್ಕೊಳ್ತದೆ ಅಕ್ಕ. ಪರಿಹಾರ ಉಂಟು. ದೇಶಕ್ಕೆ ಒಳ್ಳೆಯದಲ್ವಾ?" ಎಂದೆ.

ಅವರು ಹುರುಳಿ ಸಾರು ಬಡಿಸಿದರು. ನನ್ನ ಮಾತಿಗೆ ಒಪ್ಪಿದರು ಎಂದುಕೊಂಡೆ.

ದಿನವೂ ನಾನು ತೋಡಿನ ನೀರಿನಲ್ಲಿ ನಿಂತು, ಮರದ ಮರಿಗೆಯಲ್ಲಿ ಮಣ್ಣು ತೊಳೆದು, ಬೆನ್ನು ಹಿಡಿದುಕೊಂಡು ಬರುವಾಗ ಏನಾದರೂ ಸಿಕ್ಕಿತೇ ಎಂದು ಕಮಲಕ್ಕ ವಿಚಾರಿಸುತ್ತಿದ್ದರು. ಇಲ್ಲವೆಂದರೆ ಅನ್ನದ ಮೇಲೆ ಇನ್ನೊಂದು ಚಮಚ ತುಪ್ಪ ಬೀಳುತ್ತಿತ್ತು. ಸೋತವನನ್ನು ಸಮಾಧಾನ ಮಾಡುವ ತಾಯಿಮನಸ್ಸೆಂದು ನನ್ನ ಕಣ್ಣು ಒದ್ದೆಯಾಗುತ್ತಿತ್ತು. ಒಂದು ದಿನ ಬೆಣಚುಕಲ್ಲಿನ ಮೇಲೆ ತಾಮ್ರದ ಹಸಿರು ಕಲೆ ಕಂಡಿತು. ಹತ್ತಿರದಲ್ಲೇ ಚಿನ್ನವಿರಬಹುದೆಂಬ ಸೂಚನೆ. ಕುಣಿದುಕೊಂಡು ಬಂದು ತೋರಿಸಿದೆ. ಅಂದು ತುಪ್ಪವೂ ಇಲ್ಲ, ಹಪ್ಪಳವೂ ಇಲ್ಲ, ಬಡಿಸಿದವನು ತಮ್ಮ. ಅಕ್ಕ ದೈವದ ಕೋಣೆಯಲ್ಲಿ ದೀಪ ಹಚ್ಚಿ ಕೈಮುಗಿದು ನಿಂತಿದ್ದರು. ನನಗಾಗಿಯೇ ಪ್ರಾರ್ಥನೆ ಎಂದು ತಿಳಿದು ಬರಿಯ ಸಾರನ್ನವನ್ನು ಭಕ್ತಿಯಿಂದ ಉಂಡೆ. ನೆಲದಡಿ ಇರುವುದನ್ನು ಕಾಣಬಲ್ಲೆನೆಂದು ಸಂಬಳ ತೆಗೆದುಕೊಳ್ಳುತ್ತಿದ್ದವನ ಬುದ್ಧಿ ಇದು.

ಕೊನೆಗೆ ಪ್ರಯೋಗಾಲಯದ ವರದಿ ಬಂತು. ಒಂದಿಷ್ಟು ತಾಮ್ರ, ಒಂದಿಷ್ಟು ಸೀಸ. ಚಿನ್ನ ಹೆಸರಿಗೆ ಮಾತ್ರ, ತೆಗೆಯುವ ಖರ್ಚೂ ಹುಟ್ಟದು. ಜಗಲಿಯಲ್ಲಿ ಕೂತು ನಾಚಿಕೆಯಿಲ್ಲದೆ ಅತ್ತೆ. ಮರುದಿನ ಅಕ್ಕ ಮನೆಯ ದೈವಕ್ಕೆ ತಂಬಿಲದ ಸೇವೆ ಕೊಟ್ಟು, ಕೋಳಿ ಅಡುಗೆ ಮಾಡಿ, ನನ್ನನ್ನು ಮೊದಲ ಎಲೆಗೆ ಕೂರಿಸಿದರು. ನನ್ನಂಥವನ ಬೀಳ್ಕೊಡುಗೆಗೆ ಇಷ್ಟೆಲ್ಲ ಯಾಕೆ ಎಂದು ತಮ್ಮನನ್ನು ಕೇಳಿದೆ. ಅವನು ನಗು ತಡೆದುಕೊಂಡು, ಇದು ಚಿನ್ನ ಸಿಗಬಾರದೆಂದು ಅಕ್ಕ ಹೊತ್ತಿದ್ದ ಹರಕೆ ಎಂದ. ಕೈಯ ತುತ್ತು ಕೈಯಲ್ಲೇ ಉಳಿಯಿತು.

ಕಮಲಕ್ಕ ಬಂದು ಎದುರಿಗೆ ಕೂತರು.

"ನಿಮ್ಮ ಮೇಲೆ ಸಿಟ್ಟು ಉಂಟು ಅಂತ ಅಲ್ಲ ಮಗಾ. ನಿಮಗೂ ಒಂದು ಹರಕೆ ಹೇಳಿಕೊಂಡಿದ್ದೇನೆ. ನಿಮಗೆ ಚಿನ್ನ ಸಿಗಬೇಕು, ಬೇರೆ ಕಡೆ."

ಆ ಹರಕೆ ಮಾತ್ರ ಫಲಿಸಲಿಲ್ಲ. ನಿವೃತ್ತಿಯವರೆಗೆ ಎಷ್ಟೋ ಗುಡ್ಡಗಳನ್ನು ಅಗೆಸಿದೆ. ಗಣಿ ಎಂಬುದು ಒಂದೂ ಆಗಲಿಲ್ಲ. ಜೊತೆಯವರು ಗೇಲಿ ಮಾಡಿದಾಗಲೆಲ್ಲ ನನ್ನ ವಿದ್ಯೆಯನ್ನೇ ಹಳಿದುಕೊಂಡೆ. ಮೊನ್ನೆ ಆ ಹೋಟೆಲಿನಲ್ಲಿ ಕೂತಾಗ ಮೊದಲ ಬಾರಿಗೆ ಹೊಳೆಯಿತು, ನಗುವೂ ಬಂತು, ಎದೆಯೂ ಹಗುರಾಯಿತು. ಆ ಬೇರೆ ಕಡೆಗಳಲ್ಲೂ ಗುಡ್ಡದ ಬುಡದಲ್ಲಿ ಯಾರದೋ ಗದ್ದೆಗಳಿದ್ದವು. ಅಲ್ಲೆಲ್ಲ ನನಗೆ ಊಟ ಬಹಳ ಚೆನ್ನಾಗಿ ಸಿಗುತ್ತಿತ್ತು.