ಒಂದು ದಿನ ಮುಂಚೆ ಸಿಕ್ಕ ಸಮುದ್ರ

ಅವ್ವನ ಚಪ್ಪಲಿಗೂ ನೀರಿಗೂ ನಡುವೆ ಹನ್ನೊಂದು ಹೆಜ್ಜೆ. ನಾನೇ ಎಣಿಸಿದೆ.

ಪುಣೆಯ ಕೋಥರೂಡದಿಂದ ಆರು ತಾಸು ಬಸ್ಸಿನಲ್ಲಿ ಕೂತು, ಘಟ್ಟ ಇಳಿದು, ಕೊಂಕಣ ದಂಡೆಯ ಆ ರೆಸಾರ್ಟಿಗೆ ಹೋದದ್ದೇ ಅವ್ವನಿಗೆ ಸಮುದ್ರ ತೋರಿಸಲು. ಐವತ್ನಾಲ್ಕು ವರ್ಷದಲ್ಲಿ ಆಕೆ ಕಂಡ ದೊಡ್ಡ ನೀರೆಂದರೆ ತವರಿನ ಕೃಷ್ಣಾ ಹೊಳೆ. ಬಂದವಳು ಕುರ್ಚಿ ಹಾಕಿಸಿಕೊಂಡು ಕೂತಳು. ಅಲ್ಲಿಂದ ಮುಂದೆ ಒಂದು ಹೆಜ್ಜೆ ಇಡಲೊಲ್ಲಳು.

ಕಾರಣ? ಹುಣ್ಣಿಮೆ, ಅಮಾವಾಸ್ಯೆ ಬಿಟ್ಟು ಬೇರೆ ದಿನ ಸಮುದ್ರವನ್ನು ಮುಟ್ಟಬಾರದು. ಇದು ನಮ್ಮ ಮನೆಯ ಹಿರಿಯರ ನಿಯಮ. ಅಂದು ಶನಿವಾರ. ಅಮಾವಾಸ್ಯೆ ಹತ್ತುವುದು ಸೋಮವಾರ ಬೆಳಗ್ಗೆ ಹತ್ತೂವರೆಗೆ. ಅದೂ ಸೋಮವತಿ ಅಮಾವಾಸ್ಯೆ! ನಮ್ಮ ವಾಪಸು ಬಸ್ಸು ಅದೇ ಸೋಮವಾರ ಬೆಳಗ್ಗೆ ಏಳು ಗಂಟೆಗೆ. ಮಧ್ಯಾಹ್ನ ನಾನು ಆಫೀಸಿನಲ್ಲಿರಬೇಕು.

ತಪ್ಪು ನನ್ನದೇ. ಬುಕಿಂಗ್ ಮಾಡುವಾಗ ಆಫೀಸಿನ ರಜೆ ನೋಡಿದ್ದೆ, ಅಡಿಗೆಮನೆ ಗೋಡೆಯ ಕ್ಯಾಲೆಂಡರ್ ನೋಡಿರಲಿಲ್ಲ. (ಓದಿದ್ದು ಎಂ.ಎ., ಅದೂ ಭೂಗೋಳ. ಚಂದ್ರನ ವಿಷಯ ನನಗಾದರೂ ನೆನಪಿರಬೇಕಿತ್ತು.)

"ಇಕಿ ಸಮುದ್ರಕ್ಕೂ ಅಪಾಯಿಂಟ್‌ಮೆಂಟ್ ತಗೊಂಡs ಹೋಗಾಕಿ," ಎಂದರು ಅಪ್ಪ. ದೇಹೂ ರೋಡಿನ ಮಿಲಿಟರಿ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಎಲ್ಲವನ್ನೂ ಆಫೀಸಿನ ಭಾಷೆಯಲ್ಲೇ ಹೇಳುತ್ತಾರೆ.

ನಾನು ಸಮಾಧಾನದಿಂದ ವಾದಿಸಿ ನೋಡಿದೆ. "ಅವ್ವಾ, ಅದು ಬರೇ ನೀರು."

"ನೀರು ನಳದಾಗ ಬರ್ತದವಾ," ಎಂದಳು. "ಇದು ನೀರಲ್ಲ."

ನಾನು ಆಕೆಯ ಪಕ್ಕದಲ್ಲಿ ಕೂತೆ. ಸುತ್ತ ಎಲ್ಲರೂ ಕೂಗುತ್ತಿದ್ದರು, ಫೋಟೋ ತೆಗೆಯುತ್ತಿದ್ದರು, ಭೇಲ್‌ಪುರಿ ತಿನ್ನುತ್ತಿದ್ದರು. ನಮ್ಮವ್ವ ಒಬ್ಬಳೇ ಸಮುದ್ರವನ್ನು ನೋಡುತ್ತಿದ್ದಳು. ಸೆರಗು ಹೊದ್ದು, ಬೆನ್ನು ನೆಟ್ಟಗೆ ಮಾಡಿ, ದೊಡ್ಡವರೆದುರು ಕೂತ ಹಾಗೆ. ಬಹಳ ಹೊತ್ತಿನ ಮೇಲೆ ಒಂದೇ ಮಾತು: "ಎಷ್ಟೊತ್ತಾತು, ಇದಕ್ಕ ದಣಿವs ಇಲ್ಲಲ್ಲ!"

"ನಿಮ್ಮಕ್ಕ ಮಾತಾಡಿದ್ಹಂಗ," ಎಂದರು ಅಪ್ಪ.

ಭಾನುವಾರ ಬೆಳಗ್ಗೆ ನಾಷ್ಟಾ ಮುಗಿದ ಮೇಲೆ ಮತ್ತೆ ಅದೇ ಕುರ್ಚಿ, ಅದೇ ಜಾಗ. ನಾವು ಕನ್ನಡ ಮಾತಾಡುವುದು ಕೇಳಿ ಮ್ಯಾನೇಜರ್ ಬಂದರು. ಕುಂದಾಪುರದವರು. ವಿಷಯ ತಿಳಿದು ನಕ್ಕುಬಿಟ್ಟರು.

"ಎಂಥದಮ್ಮಾ? ನಮ್ಮೂರಲ್ಲಿ ದಿನಾ ಇಳಿಯುವುದಲ್ವಾ! ಮೀನು ಹಿಡಿಯುವವರಿಗೆ ಅಮಾಸೆ, ಹುಣ್ಣಿಮೆ ಅಂತ ಕೂತರೆ ಆಗ್ತದಾ?"

ಅವ್ವ ಬೇಸರ ಮಾಡಿಕೊಳ್ಳಲಿಲ್ಲ. "ನೀವು ಅದರ ಮನ್ಯಾವ್ರರೀ. ಯಾವಾಗ ಬೇಕಾದ್ರೂ ಒಳಗ ಹೋಗ್ತೀರಿ. ನಾವು ಬೀಗ್ರು. ಕರದಾಗ ಹೋಗಬೇಕು."

ಮ್ಯಾನೇಜರ್ ನಗು ನಿಲ್ಲಿಸಿದರು. ಹೋಗುವಾಗ ನನ್ನ ಹತ್ತಿರ ಮೆಲ್ಲಗೆ, "ಅಮಾಸೆ ಹತ್ತಿರ ಬಂತಲ್ಲ, ಭರತ ಜೋರುಂಟು. ಕುರ್ಚಿ ಸ್ವಲ್ಪ ಹಿಂದೆ ಹಾಕಿ," ಎಂದರು.

ನಾನು ಹಾಕಲಿಲ್ಲ. ಬೇಕೆಂದೇ ಅಲ್ಲ, ಮರೆತೆ. ನಾನೂ ನೋಡುತ್ತಾ ಕೂತುಬಿಟ್ಟಿದ್ದೆ. ಭರತ, ಇಳಿತ ಏಕೆ ಆಗುತ್ತವೆಂದು ಪರೀಕ್ಷೆಯಲ್ಲಿ ಚಿತ್ರ ಸಹಿತ ಬರೆದವಳು ನಾನು. ಅದು ಎದುರಿಗೆ ಮೇಲೇರಿ ಬರುವುದನ್ನು ಕಂಡಿರಲಿಲ್ಲ. ಒಂದು ಅಲೆ ಮರಳಲ್ಲಿ ಗೆರೆ ಎಳೆದು ಹಿಂದೆ ಸರಿಯುತ್ತದೆ. ಮುಂದಿನದು ಆ ಗೆರೆಯನ್ನು ಅಳಿಸುತ್ತದೆ. ಅಷ್ಟೇ. ಅಷ್ಟನ್ನೇ ಎರಡು ತಾಸು ನೋಡಿದೆ.

ಹನ್ನೊಂದೂವರೆಯ ಹೊತ್ತಿಗೆ ಒಂದು ಅಲೆ ಗೆರೆ ದಾಟಿ ಸೀದಾ ಬಂತು. ನಾನು ಎದ್ದು ಕುರ್ಚಿ ಎಳೆಯಹೋದೆ.

"ಬಿಡು," ಎಂದಳು ಅವ್ವ. "ತಾನs ಬಂದದ."

ನೀರು ಆಕೆಯ ಎರಡೂ ಪಾದ ಮುಳುಗಿಸಿ, ಕಾಲುಂಗುರದ ಸುತ್ತ ಒಂದಿಷ್ಟು ನೊರೆ ಬಿಟ್ಟು ಹೋಯಿತು. ಅವ್ವ ಅಲುಗಾಡಲಿಲ್ಲ. ಬಗ್ಗಿ ಆ ಒದ್ದೆ ಮರಳು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅಪ್ಪ ತಮ್ಮ ಬೂಟು ಬಿಚ್ಚಿದರು.

ಸಂಜೆ ಅವ್ವ ಸೀರೆ ಮಡಚಿ ಬ್ಯಾಗಿಗೆ ತುಂಬಿದಳು. "ಕಾಲು ತೊಳೀತು, ಸಾಕವಾ. ಸ್ನಾನ ಮುಂದಿನ ಸರ್ತಿ."

ಮುಂದಿನ ಸರ್ತಿ! ಮೊದಲ ಸರ್ತಿಗೇ ಐವತ್ನಾಲ್ಕು ವರ್ಷ ಹಿಡಿದಿತ್ತು. ನಮ್ಮ ಮನೆಗಳಲ್ಲಿ ಅವ್ವಂದಿರ ಎಷ್ಟು ಆಸೆಗಳು ಹೀಗೆ ಮಡಚಿಕೊಂಡು ಬ್ಯಾಗಿನ ತಳ ಸೇರಿವೆ?

ಮರುದಿನ ಬೆಳಗ್ಗೆ ಆರೂವರೆಗೆ, ಬಸ್ಸಿಗೆ ಅರ್ಧ ತಾಸು, ಅಮಾವಾಸ್ಯೆಗೆ ನಾಲ್ಕು ತಾಸು ಇರುವಾಗ, ರಿಸೆಪ್ಶನ್ನಿನ ಫೋನಿನಿಂದ ನಮ್ಮ ಸಾಹೇಬರ ಮನೆಗೆ ಎಸ್‌ಟಿಡಿ ಮಾಡಿದೆ. ಮೂರು ವರ್ಷದಲ್ಲಿ ಮುಂಚಿತವಾಗಿ ಅರ್ಜಿ ಕೊಡದೆ ಒಂದು ರಜೆಯನ್ನೂ ಕೇಳಿದವಳಲ್ಲ. ಅವರು ಗಾಬರಿಯಾಗಿ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ಮರಾಠಿಯಲ್ಲಿ ಕೇಳಿದರು.

"ಇಲ್ಲ ಸರ್, ಎಲ್ಲರೂ ಆರಾಮಾಗಿದ್ದೇವೆ," ಎಂದೆ. "ಅದಕ್ಕೇ ರಜೆ ಬೇಕು."